ಒಂಬತ್ತು ಮಕ್ಕಳಿಗೆ ಒಂದೇ ದಿನ ಜ್ವರ

ಹೆಡ್ ಮಾಸ್ತರ ಶಿವರಾಜಪ್ಪನವರು ಬೀದರಿನಲ್ಲಿ ಎರಡು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದರು. ಮಗುವೇ ಕೇಂದ್ರ, ಮಗು ತನ್ನ ವೇಗದಲ್ಲಿ ಕಲಿಯಬೇಕು, ಪುಸ್ತಕ ಮುಗಿದರೆ ಸಾಲದು, ಸಾಮರ್ಥ್ಯ ಬರಬೇಕು ಎಂಬುದನ್ನೆಲ್ಲ ಕೇಳಿ, ಎರಡು ಹೊತ್ತು ಚೆನ್ನಾಗಿ ಉಂಡು, ಒಂದು ಕೈಚೀಲ ಮತ್ತು ಒಂದು ಪೆನ್ನು ತಂದಿದ್ದರು. ಆ ಪೆನ್ನಿನಿಂದ ಅವರು ಮೊಟ್ಟಮೊದಲು ಬರೆದದ್ದು, ಗುರುವಾರ ಶಾಲೆಗೆ ಬರಬಾರದ ಒಂಬತ್ತು ಮಕ್ಕಳ ಪಟ್ಟಿಯನ್ನು.

ಪಟ್ಟಿಯನ್ನು ತಂದು ನಾಹೀದ ಟೀಚರ್ ಮುಂದೆ ಇಟ್ಟರು. ಎಕಂಬಾದಿಂದ ಒಳಗೆ ಹೊರಳಿದರೆ ಸಿಗುವ ಸಣ್ಣ ವಾಡಿಯ ಶಾಲೆ ಅದು. ಒಂದರಿಂದ ಐದರವರೆಗೆ ತರಗತಿ, ಇಬ್ಬರೇ ಶಿಕ್ಷಕರು. ನಾಹೀದ ದಿನಾ ಬೀದರಿನಿಂದ ಔರಾದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೊದಲ್ಲಿ ಇಕ್ಕಟ್ಟಾಗಿ ಕೂತು ಬರುತ್ತಿದ್ದಳು. ಹನ್ನೊಂದು ವರ್ಷದಿಂದ ಇದೇ ದಾರಿ.

"ಗುರುವಾರ ಟೀಮ್ ಬರ್ಲಿಕತ್ತದರಿ ಮೇಡಮ್ಮೋರೆ. ಐದನೇತ್ತಿ ಹುಡುಗರನ್ನ ಒಬ್ಬೊಬ್ಬರನ್ನ ಕೂಡ್ರಿಸಿ ಓದಸ್ತಾರ, ಲೆಕ್ಕ ಕೇಳ್ತಾರ. ಎಲ್ಲಾರೂ ಮ್ಯಾಲಿನ ಹಂತದಾಗ ಬಂದ್ರ ನಮ್ಮದು ಮಾದರಿ ಸಾಲಿ. ಭಾಲ್ಕಿಯೊಳಗ ಸನ್ಮಾನ ಅದ."

"ಬರಲಾರದ ಹುಡುಗರ ಹಾಳಿ ಯಾರು ತುಂಬ್ತಾರ್ರಿ ಸರ?"

"ನಾವೇ ತುಂಬೋದು. ಎಲ್ಲಾ ಬರ್ತದ ಅಂತ ಟಿಕ್ ಹಾಕಿದ್ರ ಮುಗೀತು."

ಮೂರನೆಯ ಹೆಸರು ಮಾನಸಿಯದು. ಅದನ್ನು ನೋಡಿದ ಕೂಡಲೇ ನಾಹೀದಳ ಮೈ ಉರಿಯಿತು.

ಮಾನಸಿಯ ಮನೆಯಲ್ಲಿ ಆಡುವುದು ಮರಾಠಿ. ನಾಲ್ಕನೆಯ ತರಗತಿ ಮುಗಿಯುವವರೆಗೂ ಆ ಹುಡುಗಿ ಎಲ್ಲರ ಜೊತೆ ಬಾಯಿ ಆಡಿಸುತ್ತ ಓದಿದಂತೆ ನಟಿಸಿ ಪಾರಾಗಿದ್ದಳು. ಜೂನಿನಲ್ಲಿ ನಾಹೀದ ಐದನೆಯ ತರಗತಿಯನ್ನು ನಾಲ್ಕು ಗುಂಪು ಮಾಡಿದಳು, ಯಾರಿಗೆ ಎಷ್ಟು ಬರುತ್ತದೋ ಅಲ್ಲಿಂದ ಶುರು. ಮಾನಸಿಯ ಗುಂಪಿಗೆ ಪಠ್ಯಪುಸ್ತಕ ಮುಚ್ಚಿಸಿ, ಬಿತ್ತನೆ ಬೀಜದ ಖಾಲಿ ಪಾಕೀಟು ಕೊಟ್ಟಳು. ದಿನಾ ಕೈಯಲ್ಲಿ ಆಡುವ ವಸ್ತು, ಅದರ ಮೇಲೆ ದಪ್ಪ ಅಕ್ಷರ. ಹುಡುಗಿ ಮೊದಲು ಓದಿದ್ದು 'ತೊಗರಿ'. ದಸರೆಯ ಹೊತ್ತಿಗೆ ಒಂದು ವಾಕ್ಯ. ಈಗ ಜನವರಿ, ಬೆರಳಿಟ್ಟುಕೊಂಡು, ಮರಾಠಿಯಲ್ಲಿ ಅರ್ಥ ಗೊಣಗಿಕೊಂಡು, ನಾಲ್ಕೈದು ವಾಕ್ಯ ಓದುತ್ತಾಳೆ. ನಿಧಾನ. ಆದರೆ ಓದುತ್ತಾಳೆ.

ಗುರುವಾರದ ಹಾಳೆಯ ನಕಲು ಮಗುವಿನ ಜೊತೆ ಮುಂದಿನ ವರ್ಷ ದೊಡ್ಡ ಶಾಲೆಗೆ ಹೋಗುತ್ತದೆ. ಹಿಂದುಳಿದಿದ್ದಾಳೆ ಎಂದು ಅದರಲ್ಲಿ ನಿಜ ಬರೆದಿದ್ದರೆ ಅಲ್ಲಿ ದಿನಾ ಒಂದು ತಾಸು ಬೇರೆ ಕೂಡ್ರಿಸಿ ಓದು ಕಲಿಸುತ್ತಾರೆ. ಎಲ್ಲ ಬರುತ್ತದೆ ಎಂದು ಟಿಕ್ ಬಿದ್ದಿದ್ದರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಎಂಟು ತಿಂಗಳ ದುಡಿತ ಒಂದು ಟಿಕ್ಕಿನಲ್ಲಿ ನೆಲಸಮ.

"ನಾನು ಯಾರ ಮನಿಗೂ ಹೋಗಿ ಹೇಳಂಗಿಲ್ಲರಿ ಸರ."

ಶಿವರಾಜಪ್ಪನವರು ನಕ್ಕರು. "ಪ್ರತಿ ವರ್ಷ ನೀವೇ ಮನಿ ಮನಿ ತಿರಗಿ ಹೇಳಿ ಬರ್ತೀರಿ. ಈ ವರ್ಷ ಏನು ಹೊಸಾದು?"

ನಾಹೀದಳಿಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಆ ಮಾತು ನಿಜವಾಗಿತ್ತು. ಸಾಹೇಬರು ಬರುವ ಹಿಂದಿನ ದಿನ ದಡ್ಡರೆನಿಸಿಕೊಂಡವರಿಗೆ ರಜೆ ಹೇಳಿ ಬರುವುದು ಈ ಶಾಲೆಯ ಪದ್ಧತಿ. ಕಸ ಗುಡಿಸುವಷ್ಟೇ ಸಲೀಸಾಗಿ ಅವಳೂ ಅದನ್ನು ಮಾಡಿಕೊಂಡು ಬಂದಿದ್ದಳು. ಅವಳು ಪಟ್ಟಿಯನ್ನು ಅವರ ಕಡೆಗೆ ತಳ್ಳಿ ಎದ್ದುಹೋದಳು. ಬುಧವಾರ ಸಂಜೆ ಬಿಸಿಯೂಟದ ಜಿಜಾಬಾಯಿಯೇ ಒಂಬತ್ತೂ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದಳಂತೆ.

ಗುರುವಾರ ಹತ್ತೂವರೆಗೆ ಬೀದರಿನಿಂದ ಟೀಮಿನ ಹೆಸರಿನಲ್ಲಿ ಕುತುಬೋದ್ದೀನ ಸಾಹೇಬರೊಬ್ಬರೇ ಬಂದರು. ಹೆಚ್ಚು ಮಾತಿಲ್ಲದ ಮನುಷ್ಯ. ಹಾರ ಬೇಡವೆಂದು ಪಕ್ಕಕ್ಕಿಟ್ಟು ನೇರ ಹಾಜರಿ ಪುಸ್ತಕ ತೆರೆದರು. ಒಂಬತ್ತು ಹೆಸರಿನ ಮುಂದೆ ಒಂದೇ ಶಬ್ದ: ಜ್ವರ.

"ಇಷ್ಟೂ ಮಂದಿಗಿ ಒಮ್ಮೆಗೇ ಜ್ವರ ಬಂದದೇನ್ರಿ?"

"ಹವಾ ಸರಿ ಇಲ್ರಿ ಸಾಹೇಬ್ರ," ಎಂದರು ಶಿವರಾಜಪ್ಪ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ನಾಹೀದಳಿಗೆ ತಡೆಯಲಾಗಲಿಲ್ಲ. "ಜ್ವರ ಇಲ್ರಿ, ಏನೂ ಇಲ್ರಿ. ಬರಬ್ಯಾಡ ಅಂತ ಹೇಳಿ ಕಳಿಸ್ಯಾರ. ನೀವು ಕೂಡ್ರಿ, ನಾ ಕರಕೊಂಡು ಬರ್ತೀನಿ."

ಹೇಳಿದವಳೇ ಹೊರಬಿದ್ದಳು. ಬೆನ್ನ ಹಿಂದೆ ಹೆಡ್ ಮಾಸ್ತರರು ಎರಡು ಸಲ ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಮಾನಸಿಯ ತಾಯಿ ಅನಸೂಯಾಬಾಯಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮಾನಸಿ ಹೊಸ್ತಿಲ ಮೇಲೆ ಯೂನಿಫಾರ್ಮ್ ಹಾಕಿಕೊಂಡೇ ಕೂತಿದ್ದಳು. ಟೀಚರನ್ನು ಕಂಡೊಡನೆ ಕಲಿಸಿಕೊಟ್ಟಿದ್ದನ್ನು ಒಪ್ಪಿಸಿದಳು: "ನಂಗ ಜ್ವರ ಬಂದಾವರಿ ಟೀಚರ್."

"ಏಳವ್ವಾ, ಸಾಲಿಗಿ ನಡಿ. ಅನಸೂಯಾಬಾಯಿ, ಈಕೀನ ಕಳಸ್ರಿ."

ಅನಸೂಯಾಬಾಯಿ ಮೊರ ಕೆಳಗಿಟ್ಟಳು. "ನಿನ್ನಿ ಬರಬ್ಯಾಡ ಅಂತೀರಿ, ಇವತ್ತ ಬಾ ಅಂತೀರಿ. ನಮ್ಮ ಪೋರಿಗೋಳಂದ್ರ ಏನಂತ ತಿಳಕೊಂಡೀರಿ ಮೇಡಮ್ಮೋರೆ? ನಾಲ್ಕು ವರ್ಷದ ಹಿಂದ ಇದೇ ಬಾಗಲಿಗಿ ಬಂದು, ನನ್ನ ದೊಡ್ಡ ಮಗಳು ವರದಾನ್ನ ಒಂದಿನ ಮನ್ಯಾಗ ಇಟ್ಕೋರಿ ಅಂದವರು ನೀವೇ."

ನಾಹೀದಳಿಗೆ ಅದು ನೆನಪೇ ಇರಲಿಲ್ಲ. ಎಷ್ಟೋ ಬಾಗಿಲು, ಎಷ್ಟೋ ಮಕ್ಕಳು.

"ಆರನೇತ್ತಿಗಿ ದೊಡ್ಡ ಸಾಲಿಗಿ ಹಾಕಿದೆ. ನಿಂತು ಓದು ಅಂದ್ರಂತ, ಬರಲಿಲ್ಲಂತ. ಐದು ಪಾಸಾಗಿ ಬಂದೀದಿ, ನಾಟಕ ಮಾಡ್ತೀ ಅಂತ ಬಡದ್ರು. ಎರಡ ತಿಂಗಳಿಗಿ ಬಿಟ್ಟು ಬಂದು ನನ್ನ ಸಂಗಾಟ ಕೂಲಿಗಿ ನಿಂತಾಳ. ಈಗ ಈಕಿದೂ ಹಂಗೇ ಮಾಡಬೇಕಂತೀರೇನು?"

"ಹಂಗ ಆಗಬಾರದಂತೇ ಬಂದೀನ್ರಿ," ಎಂದಳು ನಾಹೀದ. ಕ್ಷಮಿಸಿ ಎನ್ನಲೂ ನಾಚಿಕೆಯಾಯಿತು.

ಒಳಗಿನಿಂದ ವರದಾ ಬಂದಳು. ಹದಿನಾಲ್ಕರ ಹುಡುಗಿ, ಕೂಲಿ ಮಾಡಿ ಒರಟಾದ ಕೈ. ಟೀಚರ ಮುಖ ನೋಡದೆ ತಂಗಿಯ ಕೈ ಹಿಡಿದು ಎಬ್ಬಿಸಿದಳು. "ನಡಿ, ನಾ ಬರ್ತೀನಿ," ಎಂದಳು. ದಾರಿಯಲ್ಲಿ ಉಳಿದ ಎಂಟು ಮನೆಯ ಮಕ್ಕಳನ್ನೂ ಅವಳೇ ಕೂಗಿ ಕರೆದಳು. ಹೊಲಕ್ಕೆ ಹೋದವರನ್ನೂ ಓಡಿಹೋಗಿ ತಂದಳು.

ಕುತುಬೋದ್ದೀನರು ಒಬ್ಬೊಬ್ಬರನ್ನೇ ಕೂಡ್ರಿಸಿ ಕೇಳಿದರು. ಮಾನಸಿ ಬೆರಳಿಟ್ಟು ಓದತೊಡಗಿದಳು. ಎರಡನೆಯ ವಾಕ್ಯದಲ್ಲಿ ಸಿಕ್ಕಿಕೊಂಡಳು. ಕಿಟಕಿಯಾಚೆ ನಿಂತ ನಾಹೀದ ಸರಳು ಹಿಡಿದು ಬಗ್ಗಿ ನೋಡಿದಳು. ಸಾಹೇಬರು ಅವಸರ ಮಾಡಲಿಲ್ಲ, ಕಾದರು. ಹುಡುಗಿ ಮತ್ತೆ ಮೊದಲಿನಿಂದ ಹಿಡಿದು, ನಾಲ್ಕು ವಾಕ್ಯ ಓದಿ, ಹಣೆಯ ಬೆವರು ಒರೆಸಿಕೊಂಡಳು. 'ಎರಡನೆಯ ಹಂತ, ಸಹಾಯ ಬೇಕು' ಎಂದು ಅವರು ಬರೆದುಕೊಂಡರು. ನಾಹೀದಳಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

"ಸಾಲಿ ಮರ್ಯಾದಿ ಮಣ್ಣಾಗ ಹಾಕಿದ್ರಿ," ಎಂದು ವರಾಂಡದಲ್ಲಿ ಶಿವರಾಜಪ್ಪ ಹಲ್ಲು ಕಡಿದರು.

"ಮರ್ಯಾದಿ ಇತ್ತು ಅಂತ ಯಾರು ಹೇಳ್ಯಾರ್ರಿ ಸರ? ಹುಡುಗರನ್ನ ಮುಚ್ಚಿಟ್ಟು ಮಾದರಿ ಸಾಲಿ ಅಂತ ಬೋರ್ಡು ತಗೊಳ್ಳೋದು ಮರ್ಯಾದ್ಯೇನು?"

ಸಾಹೇಬರು ಕಾಗದ ಜೋಡಿಸಿಕೊಳ್ಳುತ್ತಿದ್ದಾಗ ವರದಾ ಬಾಗಿಲಲ್ಲಿ ಬಂದು ನಿಂತಳು. "ಸಾಹೇಬ್ರ, ನನಗೂ ಕೇಳ್ರಿ."

ಕುತುಬೋದ್ದೀನರು ಅವಳನ್ನು ಕೂಡ್ರಿಸಿ ಹೆಸರು, ಶಾಲೆ ಬಿಟ್ಟ ಕಾರಣ ಕೇಳಿದರು. "ಸಾಲಿ ಬಿಟ್ಟವರಿಗಿ ಔರಾದದಾಗ ಒಂದು ವರ್ಷದ ವರ್ಗ ಅದವ್ವ. ಆದ್ರ ಓದಲಿಕ್ಕ ಬರಲಾರದವರಿಗಷ್ಟೇ. ಹಳಿ ದಾಖಲಿಯೊಳಗೂ ಹಂಗೇ ಬರದಿರಬೇಕು, ನೋಡಬೇಕಾಗ್ತದ," ಎಂದರು. ಶಿವರಾಜಪ್ಪನವರು ಒಂದು ಕ್ಷಣವೂ ತಡಮಾಡದೆ ಕಪಾಟಿನಿಂದ ವರದಾ ಐದನೆಯ ತರಗತಿ ಮುಗಿಸಿದ ವರ್ಷದ ಪುಸ್ತಕ ತೆಗೆದು ಹಾಳೆ ತಿರುವಿ ಮುಂದಿಟ್ಟರು. "ನೋಡ್ರಿ ಸಾಹೇಬ್ರ. ಇದನ್ನ ನಾ ತುಂಬಿದ್ದಲ್ಲ. ಮೇಡಮ್ಮೋರ ಅಕ್ಷರ, ಮೇಡಮ್ಮೋರ ಸಹಿ."

ಸಾಹೇಬರು ಪುಸ್ತಕವನ್ನು ನಾಹೀದಳತ್ತ ತಿರುಗಿಸಿದರು. ಸಾಲಾಗಿ ಟಿಕ್ಕುಗಳು. ಕೆಳಗೆ ಅವಳದೇ ದುಂಡನೆಯ ಅಕ್ಷರ.

"ಏನ್ ಬರದೀರಿ ನನ್ನ ಮ್ಯಾಲ? ಓದಿ ಹೇಳ್ರಿ," ಎಂದಳು ವರದಾ.

ನಾಹೀದ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಓದದೆ ಬೇರೆ ದಾರಿ ಇರಲಿಲ್ಲ. "ಕನ್ನಡವನ್ನು ಸರಾಗವಾಗಿ ಓದುತ್ತಾಳೆ. ಎಲ್ಲ ಸಾಮರ್ಥ್ಯ ಗಳಿಸಿದ್ದಾಳೆ."

ವರದಾ ಬಗ್ಗಿ ಆ ಅಕ್ಷರಗಳನ್ನು ದಿಟ್ಟಿಸಿದಳು. ತುಟಿ ಅಲುಗಿತು, ಶಬ್ದ ಹೊರಡಲಿಲ್ಲ.

"ಇದಕ್ಕೇ ಬಡದ್ರು ನನಗ ಅಲ್ಲಿ," ಎಂದಳು. "ನನಗ ಬರಂಗಿಲ್ಲ ಅಂತ ನಿಮಗ ಗೊತ್ತಿತ್ತು. ಗೊತ್ತಿದ್ದೂ ಬರದೀರಿ. ಹೊಡದ್ ಹಾಕ್ರಿ ಅದನ್ನ."

ನಾಹೀದ ಸಾಹೇಬರ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡಳು.

"ಸರ್ಕಾರಿ ದಾಖಲಿರಿ ಅದು! ನೌಕರಿ ಹೋಗ್ತದ!" ಎಂದು ಶಿವರಾಜಪ್ಪ ಕೂಗಿದರು.

"ಸುಳ್ಳು ಬರದಾಗ ಹೋಗಲಿಲ್ಲಲ್ರಿ ಸರ."

ಅವಳು ಆ ಎರಡೂ ವಾಕ್ಯದ ಮೇಲೆ ಗೆರೆ ಎಳೆದಳು. ಕೆಳಗೆ ಬರೆದಳು: 'ಈ ಮಗುವಿಗೆ ಓದಲು ಬರುವುದಿಲ್ಲ. ನಾನು ಕಲಿಸಲಿಲ್ಲ.' ಇವತ್ತಿನ ತಾರೀಖು ಹಾಕಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ವರದಾ ಪಕ್ಕದಲ್ಲಿ ನಿಂತು, ಪ್ರತಿ ಅಕ್ಷರ ಮೂಡುವುದನ್ನೂ ಕೊನೆಯವರೆಗೆ ನೋಡಿದಳು.