ಚಿತ್ತೇಶ ನೋಡಿದ ಅವ್ವ

ಮಗನ ತಿಥಿ ಮುಗಿದ ವಾರಕ್ಕೆ ನಾಗಕ್ಕ ಹುಳಿಯಾರು ಕಡೆಯ ತನ್ನ ಹಟ್ಟಿಯಿಂದ ಬಸ್ಸು ಹಿಡಿದು ತುರುವೇಕೆರೆಗೆ ಬಂದು, ವನಿತಾಳ ಸ್ಟುಡಿಯೋ ಬಾಗಿಲಲ್ಲಿ ನಿಂತಳು.

“ನಮ್ ಚಿತ್ತೇಶ ಅದೇನೋ ಸಿನಿಮಾ ತೆಗೀತಿದ್ನಲ್ಲವ್ವ. ಎಲ್ಲೆಲ್ಲೋ ತೋರ್ಸಿದ್ನಂತೆ. ನಮ್ ಹಟ್ಟೀಲಿ ಯಾರೂ ನೋಡಿಲ್ಲ. ನಂಗೊಂದ್ಸಲ ತೋರ್ಸು.”

ವನಿತಾ ಮದುವೆ, ನಾಮಕರಣಗಳ ವಿಡಿಯೋ ಮಾಡುವವಳು. ಚಿತ್ತೇಶ ಅವಳ ಜೊತೆ ಆರೇಳು ವರ್ಷ ದುಡಿದಿದ್ದ. ಲಗ್ನಗಳಿಲ್ಲದ ತಿಂಗಳು ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಟ್ಟಿಗೆ ಹೋಗಿಬಿಡುತ್ತಿದ್ದ. ಹಾಡಿಲ್ಲ, ಹೊಡೆದಾಟವಿಲ್ಲ, ಕುರಿ, ಬೇಲಿ, ಮನೆಮಂದಿ, ಅಷ್ಟೇ ಅವನ ಸಿನಿಮಾ. ಕಡೆಯ ಸಿನಿಮಾದ ತುಣುಕುಗಳನ್ನು ಜೋಡಿಸುವ ಮೊದಲೇ ಕಾಮಾಲೆ ಅವನನ್ನು ಕೊಂಡೊಯ್ದಿತ್ತು.

ಅದನ್ನು ಜೋಡಿಸಲು ವನಿತಾ ಕೂತಳು. ಅವನು ತೆಗೆದಿದ್ದರಲ್ಲಿ ಒಂದು ಕಡೆ ನಾಗಕ್ಕ ಒಲೆಯ ಮುಂದಿದ್ದಳು. ಊದುಗೊಳವೆ ಊದಿ ಕಣ್ಣೊರೆಸಿಕೊಂಡಳು. ಹಿಮ್ಮಡಿಯ ಮುಳ್ಳು ತಡವಿದಳು. ಮತ್ತೆ ಸುಮ್ಮನೆ ಕೂತಳು. ಹೆಂಚಿನ ಸಂದಿಯ ಬಿಸಿಲು ಅವಳ ಭುಜದಿಂದ ಮಡಿಲಿಗೆ ಇಳಿಯಿತು. ಮದುವೆ ವಿಡಿಯೋ ಆಗಿದ್ದರೆ ವನಿತಾ ಇದರಲ್ಲಿ ಚೂರೇ ಚೂರು ಉಳಿಸುತ್ತಿದ್ದಳು. ಕತ್ತರಿಸಿಯೂ ನೋಡಿದಳು. ಅವ್ವ ಮಾಯವಾಗಿ, ಯಾವಳೋ ಹೆಂಗಸು ಒಲೆ ಊದುತ್ತಿರುವಂತೆ ಕಂಡಿತು. ತೆಗೆದದ್ದನ್ನೆಲ್ಲ ಮತ್ತೆ ಸೇರಿಸಿದಳು. ಅಷ್ಟು ಹೊತ್ತು ಕ್ಯಾಮೆರಾ ಒಂದಿಷ್ಟೂ ಅಲುಗಿರಲಿಲ್ಲ. ಅವ್ವನ ಕಣ್ಣಿನ ಎತ್ತರಕ್ಕೆ ನೆಲದ ಮೇಲೆ ಕೂತು, ಹೊಗೆಯಲ್ಲಿ ಕೆಮ್ಮನ್ನೂ ತಡೆದುಕೊಂಡು ಚಿತ್ತೇಶ ಕಾದಿದ್ದ.

“ಎಂಥಾ ಕೆಲ್ಸ ಮಾಡಿದೀಯೋ,” ಎಂದಳು ವನಿತಾ. ಕೇಳಲು ಅವನಿರಲಿಲ್ಲ. ಅವಳಿಗೆ ಆಗ ಅಳು ಬಂತು.

ಒಂದು ಮಧ್ಯಾಹ್ನ ಹಟ್ಟಿಯ ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಪಂಚೆ ಇಳಿಬಿಟ್ಟು ಸಿನಿಮಾ ತೋರಿಸಿದಳು. ತಮ್ಮ ಕುರಿಗಳ ಗುರುತು ಹಿಡಿದು ಜನ ನಕ್ಕರು. ಒಲೆ ಮುಂದಿನ ನಾಗಕ್ಕ ಬಂದಾಗ ಒಬ್ಬೊಬ್ಬರಾಗಿ ಅವಳತ್ತ ತಿರುಗಿದರು.

ನಾಗಕ್ಕ ವನಿತಾಳ ಕೈ ಹಿಡಿದಳು. “ಅವತ್ತು ಬೈದಿದ್ದೆ ಕಣವ್ವ, ಕೆಲ್ಸ ಬುಟ್ಟು ಗೋಡೆಗೊರಗಿ ಕೂತವ್ನೆ ಅಂತ. ಇಷ್ಟೊತ್ತೂ ನನ್ನೇ ನೋಡ್ತಿದ್ನಾ?”

“ಹೂಂ ನಾಗಕ್ಕ. ನಿನ್ನೇ.”

ಮುಗಿದ ಮೇಲೆ ಯಾರೂ ಏಳಲಿಲ್ಲ. ಚಿತ್ತೇಶನ ಅಪ್ಪ ಕಾಟಪ್ಪ, “ಇನ್ನೊಂದ್ಸಲ ಹಾಕವ್ವ,” ಎಂದ.

ವನಿತಾ ಮತ್ತೆ ಹಾಕಿದಳು. ಈ ಸಲ ನಾಗಕ್ಕ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪಂಚೆಯ ಮೇಲಿನ ಬೆಳಕಿಗೆ ಮುಖ ಕೊಟ್ಟು ಕೂತಳು. ಮಗ ಎದುರಿಗೇ ಇದ್ದಾನೆಂಬಂತೆ, ಅವನು ನೋಡಿ ಮುಗಿಸುವವರೆಗೂ ಅಲುಗಲಿಲ್ಲ.