ಎಡಗೈ ಎತ್ತಿದ ಹುಡುಗಿ

ಬುಕ್ಕಾಂಬುಧಿ ಹತ್ತಿರದ ಸರ್ಕಾರಿ ಶಾಲೆಯೊಂದರ ಅತಿಥಿ ಶಿಕ್ಷಕಿ ತ್ರಿವೇಣಿಗೆ ಅಂದು ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ. ಅವಳ ಗಣಿತದ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಪಾಠ ಅವರಿಗೆ ಹಿಡಿಸದಿದ್ದರೆ ಬರುವ ವರ್ಷ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೆಡ್‌ಮಾಸ್ತರು ಉಗ್ರಪ್ಪನವರು ಮೊದಲೇ ಹೇಳಿದ್ದರು. ಹೆದರುವವರ ಮೇಲೆ ಹಾವು ಎಸೆಯುವುದೆಂದರೆ ಇದೇ.

ಭಯ ಬಿದ್ದವರಿಗೆ ಬುದ್ಧಿ ಚುರುಕಾಗುತ್ತದೆ, ಆದರೆ ಅದು ಒಳ್ಳೆಯ ದಾರಿಗೇ ಹೋಗುತ್ತದೆಂದೇನೂ ಇಲ್ಲ. ಹಿಂದಿನ ದಿನ ಅವಳು ಏಳನೇ ತರಗತಿಯ ಮಕ್ಕಳಿಗೆ ಒಂದಷ್ಟು ಉತ್ತರಗಳನ್ನು ಬಾಯಿಪಾಠ ಮಾಡಿಸಿ, ಜೊತೆಗೆ ಒಂದು ಉಪಾಯವನ್ನೂ ಕಲಿಸಿದ್ದಳು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಅವಳು ಎಬ್ಬಿಸುವುದು ಬಲಗೈಯವರನ್ನು ಮಾತ್ರ. ಯಾರಾದರೂ ಬಾಯಿ ಬಿಟ್ಟರೆ ನೆಟ್ಟಗಿರುವುದಿಲ್ಲ ಎಂದೂ ಬೆದರಿಸಿದ್ದಳು.

ಸಾಹೇಬರು, ಹೆಸರು ಚಂದ್ರಕುಮಾರ್, ಬಂದು ಹಿಂದಿನ ಬೆಂಚಿನಲ್ಲಿ ಕೂತರು. ತ್ರಿವೇಣಿ ಪಾಠ ಶುರು ಮಾಡಿದಳು. ಅರ್ಧ ರೊಟ್ಟಿಗೆ ಮೂರರಲ್ಲೊಂದು ಭಾಗ ರೊಟ್ಟಿ ಸೇರಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದಳು. ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಬಲಗೈ ಎತ್ತಿದ್ದ ವೇಣು, ಆರರಲ್ಲಿ ಐದು ಭಾಗ ಎಂದು ಪಟ್ಟನೆ ಹೇಳಿದ. ಅವಳಿಗೆ ಹೋದ ಜೀವ ಬಂದಂತಾಯಿತು.

ಆದರೆ ನಾವು ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರೂ ಇರುತ್ತಾರೆ. ಮುಂದಿನ ಪ್ರಶ್ನೆಗೆ ಸಾಹೇಬರೇ ಎದ್ದು ಬಂದರು. ಎಡಗೈ ಎತ್ತಿದ್ದ ಶ್ರುತಿಯ ಪಕ್ಕ ನಿಂತು, ನೀನು ಹೇಳಮ್ಮ ಎಂದರು.

ಶ್ರುತಿ ಎದ್ದು, ಗೊತ್ತಿಲ್ಲ ಎಂದಳು. ಗೊತ್ತಿಲ್ಲದ ಮೇಲೆ ಕೈ ಯಾಕೆ ಎತ್ತಿದೆ, ಹೀಗೆ ಸುಳ್ಳಾಡುವುದನ್ನು ಎಲ್ಲಿ ಕಲಿತೆ ಎಂದು ಅವರು ಗದರಿದರು. ಹುಡುಗಿ ಬಾಯಿ ಬಿಡಲಿಲ್ಲ. ಅವಳು ನೋಡುತ್ತಿದ್ದುದು ಸಾಹೇಬರನ್ನಲ್ಲ, ತ್ರಿವೇಣಿಯನ್ನು. ಈ ಮಗು ಹೆದರಿರುವುದು ತನಗೆ ಎಂದು ತಿಳಿದಾಗ ತ್ರಿವೇಣಿಗೆ ನಾಚಿಕೆಯಾಯಿತು. ತಾನು ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ತಪ್ಪು ಹುಡುಗಿಯ ತಲೆಗೆ ಹೋಗುತ್ತದೆ. ಅವಳು ಶ್ರುತಿಯ ಪಕ್ಕಕ್ಕೆ ಬಂದು ನಿಂತಳು.

“ನಾನೇ ಹೇಳ್ಕೊಟ್ಟಿದ್ದು ಸಾರ್. ಅವಳ್ದೇನೂ ತಪ್ಪಿಲ್ಲ.”

ಸಾಹೇಬರು ಶ್ರುತಿಗೆ ಕೂರುವಂತೆ ಸನ್ನೆ ಮಾಡಿದರು. ಆಮೇಲೆ, ಹಾಗಾದರೆ ಈಗ ನಿಜವಾದ ಪಾಠ ಮಾಡಿ ನೋಡೋಣ ಎಂದು ಹಿಂದೆ ಹೋಗಿ ಕೂತರು.

ತ್ರಿವೇಣಿ ಬೋರ್ಡಿನ ಮೇಲೆ ರೊಟ್ಟಿ ಬರೆದು ಆರು ಸಮ ತುಂಡು ಮಾಡಿದಳು. ಅರ್ಧ ಅಂದರೆ ಮೂರು ತುಂಡು, ಮೂರರಲ್ಲೊಂದು ಅಂದರೆ ಎರಡು ಎಂದು ತೋರಿಸಿ, ಅರ್ಥವಾಗದವರು ಕೈ ಎತ್ತಿ, ಯಾವ ಕೈಯಾದರೂ ಸರಿ, ಬೈಯುವುದಿಲ್ಲ ಎಂದಳು. ಒಂದು ಕೈಯೂ ಏಳಲಿಲ್ಲ. ವರ್ಷವಿಡೀ ಬಿತ್ತಿದ ಭಯ ಒಂದು ಮಾತಿಗೆ ಹೋಗುತ್ತದೆಯೇ?

ಕೊನೆಗೆ ಶ್ರುತಿ ಕೈ ಎತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಬೆಂಚು ಬೆಂಚೇ ಕೈ ಎತ್ತಿತು. ಎಲ್ಲರಿಗಿಂತ ತಡವಾಗಿ ವೇಣುವಿನ ಕೈಯೂ ಎದ್ದಿತು.

ಅರ್ಥವಾಯಿತಾ ಎಂದು ಕೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದ ಮಕ್ಕಳಿವರು. ಸಾಹೇಬರು ಇರುವುದೂ ತ್ರಿವೇಣಿಗೆ ಮರೆತುಹೋಯಿತು. ಈಗ ಅವಳಿಗೆ ಬಂದ ಭಯವೇ ಬೇರೆ.

“ವೇಣು, ಎಲ್ಲಿಂದ ಅರ್ಥ ಆಗ್ಲಿಲ್ಲಪ್ಪಾ?”

ಅವನು ತಲೆ ತಗ್ಗಿಸಿದ.

“ಮೊದ್ಲಿಂದ್ಲೂ ಮಿಸ್.”