ಧ್ವಜದಳದ ತೂಗುಗುಂಡು

ಆ ಮನುಷ್ಯನ ಕಣ್ಣು ತಪ್ಪಿಸಿ ಬದುಕಿಕೊಂಡ ತಪ್ಪು ಈ ಭೂಮಂಡಲದಲ್ಲಿ ಒಂದೂ ಇಲ್ಲವೆಂದು ನಾನು ಪ್ರತಿವರ್ಷ ಮೈಕಿನಲ್ಲಿ ಸಾರುತ್ತಿದ್ದೆ. ಕೆಡೆಟ್‌ಗಳ ಕವಾಯತು ಸ್ಪರ್ಧೆಗೆ ನಾನು ಘೋಷಕ, ಅವರು ಧ್ವಜದಳಗಳ ತೀರ್ಪುಗಾರರು. ಮೈದಾನದ ಆಚೆ ತುದಿಯಲ್ಲಿ ಯಾರದೋ ಬೂಟಿನ ದಾರ ಸಡಿಲವಾದರೆ ಈಚೆ ತುದಿಯಲ್ಲಿ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಸಾಲು ತಪ್ಪಿ ಹಾರಿದರೆ ಎಲ್ಲಿ ಅಂಕ ಕಳೆದುಬಿಡುತ್ತಾರೋ ಎಂಬ ಭೀತಿಯಿಂದ ಅಲ್ಲಿನ ನೊಣಗಳು ಕೂಡ ಜೊತೆಜೊತೆಯಾಗಿ, ಸಮಾನಾಂತರದಲ್ಲಿ ಹಾರುವುದನ್ನು ರೂಢಿಸಿಕೊಂಡಿದ್ದವು. ನಾನು ಕಣ್ಣಾರೆ ಕಂಡಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಗೋಡೆ ಕಟ್ಟುವವರು ನೇರ ನೋಡಲು ದಾರದ ತುದಿಗೆ ಇಳಿಬಿಡುತ್ತಾರಲ್ಲ, ಆ ತೂಗುಗುಂಡಿನ ಹೆಸರನ್ನೇ ಕೆಡೆಟ್‌ಗಳು ಅವರಿಗೆ ಇಟ್ಟಿದ್ದರು. ಸೈನ್ಯದಲ್ಲಿ ಕವಾಯತು ಕಲಿಸಿ ನಿವೃತ್ತರಾದವರು. ಸೈನ್ಯ ಅವರನ್ನು ಬಿಟ್ಟಿತ್ತೇ ಹೊರತು ಕವಾಯತು ಬಿಟ್ಟಿರಲಿಲ್ಲ. ತರಕಾರಿ ತರಲು ಹೊರಟರೂ ರಸ್ತೆಯ ತಿರುವಿನಲ್ಲಿ ಒಂದು ಕ್ಷಣ ನಿಂತು, ಹಿಮ್ಮಡಿಯ ಮೇಲೆ ಇಡೀ ದೇಹವನ್ನು ಒಮ್ಮೆಗೇ ಹೊರಳಿಸಿ, ಆಮೇಲೆ ಮುಂದುವರಿಯುತ್ತಿದ್ದರು. ಅವರ ಕಡುನೀಲಿ ಕೋಟಿನ ಇಸ್ತ್ರಿಗೆರೆ ಎಷ್ಟು ಹರಿತವೆಂದರೆ, ಹಬೆಯಾಡುವ ಚಹಾದ ಲೋಟ ಹಿಡಿದು ಅವರ ಪಕ್ಕ ನಿಂತರೆ ಆ ಹಬೆ ಎರಡು ಸೀಳಾಗಿ ಮೇಲೇರುತ್ತಿತ್ತು. ಮಾತು ಕಡಿಮೆ. ಏನು ಹೇಳಿದರೂ ಉತ್ತರ ಒಂದೇ: "ನೋಡ್ದೆ." ಸೊಗಸಾದ ನಡಿಗೆಗೂ ಅದೇ, ಎಡವಿದ ಹೆಜ್ಜೆಗೂ ಅದೇ. ಹೆಂಡತಿ ತೀರಿಕೊಂಡಾಗ ಮನೆ ತುಂಬ ನೆರೆದವರು "ಎಂಥಾ ಹೆಂಗಸು, ಒಂದು ದಿನ ಯಾರಿಗೂ ಒಂದು ಮಾತು ಅಂದವರಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರೆ, ಈ ಮನುಷ್ಯ ಬಾಗಿಲ ಬಳಿ ನೆಟ್ಟಗೆ ನಿಂತು "ನೋಡಿದೀನಿ" ಎಂದಷ್ಟೇ ಹೇಳಿದರು. 

ಧ್ವಜದಳವೆಂದರೆ ನಾಲ್ವರು: ನಡುವೆ ಧ್ವಜಧಾರಿ, ಎಡಬಲಕ್ಕೆ ಬಂದೂಕು ಹಿಡಿದ ಇಬ್ಬರು ಕಾವಲಿನವರು, ಮುಂದೆ ಆಜ್ಞೆ ಕೊಡುವ ನಾಯಕಿ. ನಾಯಕಿಯ ಹೊರತು ಮತ್ತಾರೂ ತುಟಿ ತೆರೆಯುವಂತಿಲ್ಲ. ತೆರೆದರೆ ಅಂಕ ಹೋಗುತ್ತದೆ. ಧ್ವಜ ಹಾದುಹೋಗುವಾಗ ಮೈದಾನದಲ್ಲಿರುವವರೆಲ್ಲ ಎದ್ದು ನಿಲ್ಲಬೇಕು, ತೀರ್ಪುಗಾರರಿಗೆ ಮಾತ್ರ ವಿನಾಯಿತಿ, ಏಕೆಂದರೆ ಅವರ ಕೆಲಸ ನೋಡುವುದು. ತೂಗುಗುಂಡು ಆ ವಿನಾಯಿತಿಯನ್ನು ಎಂದೂ ಮುಟ್ಟಿದವರಲ್ಲ. ಧ್ವಜ ತಮ್ಮ ನೇರಕ್ಕೆ ಬಂದೊಡನೆ ಪೆನ್ಸಿಲನ್ನು ಜೇಬಿಗಿಳಿಸಿ, ಗಲ್ಲವೆತ್ತಿ, ದೃಷ್ಟಿಯನ್ನು ದಿಗಂತಕ್ಕೆ ನೆಟ್ಟು ಸೆಲ್ಯೂಟ್ ಹೊಡೆಯುತ್ತಿದ್ದರು. ಅದು ದಾಟಿಹೋಗುವ ತನಕ ಎದುರಿಗೆ ಆನೆ ಬಂದು ಕುಣಿದರೂ ಅವರ ಪಾಲಿಗೆ ಅದು ಇಲ್ಲ.

"ಆ ಹೊತ್ತಲ್ಲೇ ಏನಾದ್ರೂ ಎಡವಟ್ಟಾದ್ರೆ?" ಎಂದು ನಾನೊಮ್ಮೆ ಕೆಣಕಿದ್ದೆ.

"ತೀರ್ಪು ಕೊಡೋನು ಅಂದ ಮಾತ್ರಕ್ಕೆ ಧ್ವಜ ನನಗಿಂತ ಸಣ್ಣದಾಗುತ್ತಾ?" ಎಂದರು. ಮೈಕಿನ ಘೋಷಣೆಗೆ ಈ ಅಂಶ ಹೊಂದುವಂಥದ್ದಲ್ಲವಾದ್ದರಿಂದ ನಾನದನ್ನು ಕೈಬಿಟ್ಟೆ.

ಅವರ ಒಬ್ಬಳೇ ಮಗಳು ಹುಡುಗಿಯರ ಶಾಲೆಯೊಂದರಲ್ಲಿ ಕವಾಯತು ಕಲಿಸುತ್ತಿದ್ದಳು. ಅಪ್ಪನ ನೆಟ್ಟನೆಯ ಬೆನ್ನು, ಅಮ್ಮನ ಮೆತ್ತನೆಯ ದನಿ. ಆ ವರ್ಷ ಶಾಲೆಯ ಆಡಳಿತದವರು ಆಕೆಯನ್ನು ಕರೆದು, ಈ ಸಲ ಬಹುಮಾನದ ಫಲಕ ಬಾರದಿದ್ದರೆ ಕೆಡೆಟ್ ದಳವನ್ನೇ ಮುಚ್ಚುತ್ತೇವೆ, ಅದರ ಕೋಣೆ ಮುರಿದ ಬೆಂಚುಗಳಿಗೆ ಬೇಕಾಗಿದೆ ಎಂದು ತಿಳಿಸಿದ್ದರು. ವಿಷಯ ಕಿವಿಗೆ ಬಿದ್ದ ಕೂಡಲೇ ತೂಗುಗುಂಡು ತೀರ್ಪುಗಾರಿಕೆಯಿಂದ ತಮ್ಮನ್ನು ಬಿಡಬೇಕೆಂದು ಕೇಳಿಕೊಂಡರು. ಒಪ್ಪದಿದ್ದವನು, ಎದುರಾಳಿ ದಳದ ತರಬೇತುದಾರ. ಮದುವೆಮನೆಗೂ ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಬರುವ ಸ್ಥೂಲಕಾಯ.

"ನೀವಿಲ್ಲ ಅಂದ್ರೆ ನಾವು ಬರಲ್ಲ ಸಾರ್" ಎಂದ ಆತ. "ಮಗಳು ಅಂತ ನೀವು ಎರಡು ಅಂಕ ಜಾಸ್ತೀನೇ ಕಳೀತೀರಿ. ನಮಗೆ ಲಾಭ."

ಸ್ಪರ್ಧೆಯ ದಿನ ಬೀಸಿದ ಗಾಳಿಯನ್ನು ನಾನು ವರ್ಣಿಸಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ನನ್ನ ಘೋಷಣೆಗಳು ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಬೀದಿಗೆ ತಲುಪುತ್ತಿದ್ದವು ಎಂದಷ್ಟೇ ಹೇಳಿ ಬಿಡುತ್ತೇನೆ. ಮಗಳ ದಳ ಕೊನೆಯದು. ಸರಿಯಾಗಿ ತೀರ್ಪುಗಾರರ ನೇರಕ್ಕೆ ಬಂದಾಗ ಗಾಳಿ ದಿಕ್ಕು ಬದಲಿಸಿ, ಧ್ವಜದ ಬಟ್ಟೆ ಹಿಂದಕ್ಕೆ ಮಗುಚಿ, ಧ್ವಜಧಾರಿ ಹುಡುಗಿಯ ಮುಖವನ್ನು ಪೂರಾ ಸುತ್ತಿಕೊಂಡಿತು. ಕೋಲಿನ ಮೇಲಿದ್ದ ಎರಡು ಕೈಗಳಲ್ಲಿ ಒಂದನ್ನು ತೆಗೆದರೂ ಧ್ವಜ ವಾಲುತ್ತದೆ. ಅವಳು ತೆಗೆಯಲಿಲ್ಲ. ಕಣ್ಣಿಲ್ಲದೆ, ಬಹುಶಃ ಉಸಿರೂ ಇಲ್ಲದೆ, ಅದೇ ಲಯದಲ್ಲಿ ನಡೆದಳು. ಬಟ್ಟೆ ಬಿಡಿಸಿಕೊಂಡಾಗ ಅವಳು ಸಾಲಿನಲ್ಲಿಯೇ ಇದ್ದಳು, ಕೋಲು ಸೆಟೆದು ನಿಂತೇ ಇತ್ತು. ಜನ ಚಪ್ಪಾಳೆ ತಟ್ಟಿದರು. ತೂಗುಗುಂಡು ಅಷ್ಟು ಹೊತ್ತೂ ದಿಗಂತಕ್ಕೆ ಸೆಲ್ಯೂಟ್ ಹೊಡೆದುಕೊಂಡು ನಿಂತಿದ್ದರು.

ಅಂಕಗಳಲ್ಲಿ ಮಗಳ ದಳ ಕೂದಲೆಳೆಯಷ್ಟು ಮುಂದಿತ್ತು. ಫಲಿತಾಂಶ ಹೇಳಲೆಂದು ನಾನು ಮೈಕನ್ನು ಬಾಯಿಗೆ ಹಿಡಿದಿದ್ದೆ. ಅಷ್ಟರಲ್ಲಿ ಸೀಟಿಯವನು ಬಂದು, ಬಲಗಡೆಯ ಕಾವಲಿನ ಹುಡುಗಿಯ ತುಟಿ ಅಲ್ಲಾಡಿತೆಂದು ತನ್ನ ಕಡೆಯವರು ಹೇಳುತ್ತಿದ್ದಾರೆ ಎಂದ. ಉಳಿದ ತೀರ್ಪುಗಾರರು ದೂರದಲ್ಲಿದ್ದವರು. ಅವರಿಗೆ ಧ್ವಜದ ಮರೆಯಲ್ಲಿ ಏನೂ ಕಂಡಿರಲಿಲ್ಲ. ಮುಖ್ಯ ತೀರ್ಪುಗಾರರು ತೂಗುಗುಂಡಿನ ಕಡೆ ತಿರುಗಿದರು. "ನಿಮ್ಮೆದುರಿಗೇ ಹೋಯ್ತಲ್ಲ. ನೀವು ನೋಡಿದ್ರಾ?"

"ನೋಡ್ಲಿಲ್ಲ."

ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಸೀಟಿಯವನು ಕೂಡಲೇ ಒಪ್ಪಿ ತಲೆಯಾಡಿಸಿದ. "ಸಾರ್ ನೋಡ್ಲಿಲ್ಲ ಅಂದ್ರೆ ಆಗಿಲ್ಲ. ಮುಗೀತು." ಹೊರಟೇಬಿಟ್ಟ. ತುಸು ದೂರದಲ್ಲಿ ತನ್ನ ಹುಡುಗಿಯರ ನಡುವೆ ನಿಂತಿದ್ದ ಮಗಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ನೋಡ್ಲಿಲ್ಲ" ಎಂದರು ತೂಗುಗುಂಡು ಮತ್ತೊಮ್ಮೆ, ಈಗ ಇನ್ನಷ್ಟು ಮೆಲ್ಲಗೆ. "ಕೇಳಿಸ್ತು. 'ಎಡಕ್ಕೆ ಅಕ್ಕ, ಇನ್ನೊಂಚೂರು ಎಡಕ್ಕೆ' ಅಂದ್ಲು."

ಯಾರೂ ಕೇಳದಿದ್ದ ಪ್ರಶ್ನೆಗೆ ಕೊಟ್ಟ ಆ ಉತ್ತರಕ್ಕೆ ಫಲಕ ಕೈ ಬದಲಾಯಿಸಿತು. ಅದನ್ನು ಪಡೆದ ಸೀಟಿಯವನ ಮುಖ ಕೂಡ ಸಾವಿನ ಮನೆಗೆ ಬಂದವನ ಮುಖದಂತಿತ್ತು. ಶಾಲೆಯವರು ಹೇಳಿದಂತೆಯೇ ನಡೆದುಕೊಂಡರು. ಧ್ವಜ ಕಪಾಟು ಸೇರಿತು, ಕೋಣೆಗೆ ಬೆಂಚುಗಳು ಬಂದವು, ಮಗಳನ್ನು ಗ್ರಂಥಾಲಯದ ಮೇಲ್ವಿಚಾರಣೆಗೆ ಹಾಕಿದರು. ಅಪ್ಪ ಮಗಳ ನಡುವೆ ಆಜ್ಞೆಯ ಭಾಷೆಯೊಂದೇ ಉಳಿಯಿತು: "ಊಟ." "ಮಾತ್ರೆ." "ಕದ."

ಬಹಳ ದಿನ ಕಳೆದು ನಾನು ಅವರ ಮನೆಗೆ ಹೋದೆ. ಗೋಡೆಗೆ ತಾಗದಂತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಹಾ ತಂದ ಮಗಳು ಲೋಟ ಇಟ್ಟು, ಅಪ್ಪನತ್ತ ನೋಡದೆ ನನಗೆ ಹೇಳಿದಳು: "ಕೇಳಿಸ್ತಾ ಅಂತ ಯಾರಾದ್ರೂ ಕೇಳಿದ್ರಾ ಮಾಮ? ಆ ಮಗು ಮಾತಾಡ್ದೆ ಇದ್ದಿದ್ರೆ ಧ್ವಜ ಹಿಡಿದೋಳು ಮುಗ್ಗರಿಸಿ, ಧ್ವಜ ನೆಲಕ್ಕೆ ಬೀಳ್ತಿತ್ತು."

"ಬೀಳ್ತಿತ್ತು" ಎಂದು ಅಪ್ಪ ಒಪ್ಪಿಕೊಂಡರು. "ಅವಳ ಜಾಗದಲ್ಲಿ ನಾನಿದ್ರೂ ಮಾತಾಡ್ತಿದ್ದೆ. ಅಂಕ ಕಳ್ಕೊಳ್ತಿದ್ದೆ."

ಇಬ್ಬರನ್ನೂ ಸಮಾಧಾನಪಡಿಸಲು ಹೊರಟೆ. ಬಾಯಿಗೆ ಬಂದ ಉಪಮೆಯನ್ನು ಹಿಡಿದುಕೊಂಡೆ. ಲೋಕದಲ್ಲಿ ಕೆಲವರು ಧ್ವಜದ ಕೋಲಿನಂಥವರು, ಎಂದೆ. ವಂದನೆಯೆಲ್ಲ ಬಟ್ಟೆಗೆ, ಭಾರವೆಲ್ಲ ಕೋಲಿಗೆ. ತನ್ನವರು ತನ್ನವರಲ್ಲದವರು ಎನ್ನದೆ ಎಲ್ಲ ಗಾಳಿಗೂ ಒಂದೇ ಸಮ ಸೆಟೆದು ನಿಲ್ಲುವ ಇಂಥವರ ಜೊತೆ ಬಾಳುವುದು ಮನೆಯವರಿಗೆ ಕಷ್ಟ, ಆದರೆ ಇವರಿಲ್ಲದ ಲೋಕದಲ್ಲಿ ಯಾವ ಧ್ವಜವೂ ಮೇಲಿರುವುದಿಲ್ಲ. ತೂಗುಗುಂಡಿನಂಥವರು ಇದ್ದಾರೆಂಬ ಕಾರಣಕ್ಕೇ ನಮ್ಮಂಥ ಬಾಗುವ ಜನ ಅಷ್ಟಿಷ್ಟು ನೆಟ್ಟಗೆ ಕಾಣುತ್ತೇವೆ.

ಅವರು ಚಹಾ ಮುಗಿಸಿ, ಲೋಟವನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟರು. ಮಗಳು ಬಾಗಿಲಲ್ಲೇ ನಿಂತಿದ್ದಳು.

"ಕೋಲು ತಾನಾಗಿ ನಿಲ್ಲಲ್ಲ ಸ್ವಾಮಿ" ಎಂದರು. "ಮುಖಕ್ಕೆ ಬಟ್ಟೆ ಸುತ್ಕೊಂಡ್ರೂ ಆ ಹುಡುಗಿ ಕೈ ಅಲ್ಲಾಡಲಿಲ್ಲವಂತೆ. ಹಾಗೆ ಹಿಡಿಯೋಕೆ ಕಲಿಸಿದ್ದು ಇವಳು. ಹೊಗಳೋದಿದ್ರೆ ಇವಳನ್ನ ಹೊಗಳಿ. ನಾನು ಬರೀ ಅಂಕ ಕಳೆಯೋನು."